ಮಲಗಿದ್ದ ಕಿಡ್ನಿ ಎದ್ದದ್ದು ಹೇಗೆ?

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮೂರು ತಿಂಗಳ ಹಿಂದೆ ನನ್ನ ತಮ್ಮನಿಗೆ ಮೈಸೂರಿನಲ್ಲಿ ಕಿಡ್ನಿ ಕಸಿ ಆಯಿತು. ಮೆದುಳು ನಿಷ್ಕ್ರಿಯವಾದ ಒಬ್ಬರ ಮನೆಯವರು ದಾನ ಮಾಡಿದ ಕಿಡ್ನಿ. ಆಪರೇಷನ್ ಆದಮೇಲೆ ಹನ್ನೊಂದು ದಿನ ಮೂತ್ರವೇ ಸರಿಯಾಗಿ ಬರಲಿಲ್ಲ. ಡಯಾಲಿಸಿಸ್ ಮುಂದುವರಿಯಿತು. ಡಾಕ್ಟರು "ಕಿಡ್ನಿ ಮಲಗಿದೆ, ಎದ್ದೇಳುತ್ತೆ" ಅಂದರು. ನಮಗೆ ನಂಬಿಕೆ ಬರಲಿಲ್ಲ. ಆಮೇಲೆ ಒಂದೇ ಸಲಕ್ಕೆ ದಿನಕ್ಕೆ ಆರು ಲೀಟರ್ ಮೂತ್ರ ಬಂತು. ಈಗ ಕಿಡ್ನಿ ಹೇಗೆ ಸೋಸುತ್ತಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್ 1.5 ಇದೆ. ಅದು ತನ್ನಷ್ಟಕ್ಕೆ ತಾನೇ ರಿಪೇರಿ ಆಗಿದ್ದು ಹೇಗೆ? ರಿಪೇರಿ ಮಾಡಿದ ಜೀವಕೋಶಗಳು ತಮ್ಮನದೋ, ಕೊಟ್ಟವರದೋ? ಬೇಗ ಪೂರ್ತಿ ವಾಸಿಯಾಗಲಿ ಅಂತ ಅಮೃತಬಳ್ಳಿ ಕಷಾಯ ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಷಾಯ ಬೇಡ. ಇವತ್ತು ಕೊಡಬೇಕು ಅಂತ ಕಾಯಿಸಿಟ್ಟಿದ್ದರೆ ಅದನ್ನೂ ಚೆಲ್ಲಿಬಿಡಿ. ಅಮೃತಬಳ್ಳಿಯನ್ನು ಜನ ಕುಡಿಯುವುದೇ ರೋಗನಿರೋಧಕ ಶಕ್ತಿ ಹೆಚ್ಚಲಿ ಅಂತ. ಬೇರೆಯವರ ಕಿಡ್ನಿಯ ಮೇಲೆ ದೇಹ ದಾಳಿ ಮಾಡದಿರಲಿ ಅಂತ, ನಿಮ್ಮ ತಮ್ಮನಿಗೆ ದಿನಾ ಮೂರು ಬಗೆಯ ಮಾತ್ರೆ ಕೊಟ್ಟು ನಾವು ಡಾಕ್ಟರುಗಳು ಆ ಶಕ್ತಿಯನ್ನೇ ತಗ್ಗಿಸುತ್ತಿದ್ದೇವೆ. ಜೊತೆಗೆ, ಕೋವಿಡ್ ಕಾಲದಲ್ಲಿ ಇದನ್ನು ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಇನ್ನು "ಬೇಗ ವಾಸಿಯಾಗಲಿ" ಅನ್ನುವ ಮಾತು. ಕಿಡ್ನಿ ರಿಪೇರಿಯಲ್ಲಿ ಬೇಗ ಶುರುವಾಗುವುದು ದೊಡ್ಡ ವಿಷಯ ಅಲ್ಲವೇ ಅಲ್ಲ. ಅದು ಶುರುವಾಗಿಯೇ ಆಗುತ್ತದೆ. ಸರಿಯಾದ ಹೊತ್ತಿಗೆ ನಿಲ್ಲುತ್ತದೋ ಇಲ್ಲವೋ ಅನ್ನುವುದೇ ಮುಖ್ಯ. ಯಾಕೆ ಅಂತ ಹೇಳಬೇಕಾದರೆ ಪೆಟ್ಟು ಬಿದ್ದ ಜಾಗದಿಂದ ಶುರು ಮಾಡಬೇಕು.

ಪೆಟ್ಟು ಆಪರೇಷನ್ ಟೇಬಲ್ ಮೇಲೆ ಬಿದ್ದದ್ದು ಅಂತ ಅನೇಕರು ಅಂದುಕೊಳ್ಳುತ್ತಾರೆ. ಅದಕ್ಕೂ ಮೊದಲೇ ಬಿದ್ದಿರುತ್ತದೆ. ಮೆದುಳು ಸತ್ತ ಹೊತ್ತಿನಲ್ಲಿ ದೇಹದಲ್ಲಿ ಅಡ್ರಿನಲಿನ್ ವಿಪರೀತ ಏರುತ್ತದೆ, ಆಮೇಲೆ ಬಿಪಿ ಕುಸಿಯುತ್ತದೆ, ಉರಿಯೂತದ ರಾಸಾಯನಿಕಗಳು ರಕ್ತದ ತುಂಬಾ ಓಡಾಡುತ್ತವೆ. ಕಿಡ್ನಿ ದಾನಿಯ ದೇಹದಲ್ಲಿರುವಾಗಲೇ ಇದನ್ನೆಲ್ಲ ಸಹಿಸಿಕೊಂಡಿರುತ್ತದೆ. ಆಮೇಲೆ ಅದನ್ನು ತೆಗೆದು, ರಕ್ತವನ್ನೆಲ್ಲ ತೊಳೆದು, ವಿಶೇಷ ದ್ರಾವಣ ತುಂಬಿ, ಸುಮಾರು 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಯಾರ ಸರದಿ ಅಂತ ನೋಡಬೇಕು, ದಾನಿಯ ಕಿಡ್ನಿ ಪಡೆಯುವವರ ರಕ್ತಕ್ಕೆ ಹೊಂದುತ್ತದಾ ಅಂತ ತಿಳಿಯುವ ಕ್ರಾಸ್‌ಮ್ಯಾಚ್ ಆಗಬೇಕು, ಬೇರೆ ಊರಿನಿಂದ ಬರುವುದಾದರೆ ದಾರಿಯ ಹೊತ್ತು ಬೇರೆ. ಅಷ್ಟು ಗಂಟೆ ಕಿಡ್ನಿಗೆ ರಕ್ತ ಇಲ್ಲ, ಆಕ್ಸಿಜನ್ ಇಲ್ಲ. ತಂಪಿನಲ್ಲಿ ಅದರ ಶಕ್ತಿಯ ಖರ್ಚು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ನಿಜ. ಪೂರ್ತಿ ನಿಲ್ಲುವುದಿಲ್ಲ. ಬದುಕಿರುವ ತಾಯಿಯೋ ಅಕ್ಕನೋ ಕೊಟ್ಟ ಕಿಡ್ನಿ ಸಾಮಾನ್ಯವಾಗಿ ಟೇಬಲ್ ಮೇಲೇ ಮೂತ್ರ ಬಿಡುವುದಕ್ಕೂ, ನಿಮ್ಮ ತಮ್ಮನದು ಹನ್ನೊಂದು ದಿನ ಮಲಗಿದ್ದಕ್ಕೂ ಇರುವ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಇದೇ.

ಈಗ ಒಂದು ಜೀವಕೋಶದೊಳಗೆ ಇಳಿಯೋಣ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್ ಇರುತ್ತವೆ. ಪ್ರತಿ ನೆಫ್ರಾನ್‌ನಲ್ಲೂ ಮೊದಲು ಗ್ಲೊಮೆರುಲಸ್ ಅನ್ನುವ ಸೋಸುವ ಗಂಟು, ಅದರ ಹಿಂದೆ ಉದ್ದನೆಯ ನಳಿಕೆ. ಎರಡೂ ಕಿಡ್ನಿಯ ಗಂಟುಗಳೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನಳಿಕೆಯ ಜೀವಕೋಶಗಳು ವಾಪಸ್ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಇದು ಭಾರೀ ದುಡಿಮೆ. ಅದಕ್ಕೇ ನಳಿಕೆಯ ಮೊದಲ ಭಾಗದ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಪುಟ್ಟ ಕೇಂದ್ರಗಳಾದ ಮೈಟೊಕಾಂಡ್ರಿಯಾ ಕಿಕ್ಕಿರಿದಿರುತ್ತವೆ. ಅವು ಮುಖ್ಯವಾಗಿ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತವೆ. ಅದಕ್ಕೆ ಆಕ್ಸಿಜನ್ ಬೇಕೇ ಬೇಕು. ಸ್ನಾಯುಗಳ ಹಾಗೆ ಆಕ್ಸಿಜನ್ ಇಲ್ಲದೆ ಸಕ್ಕರೆ ಉರಿಸಿಕೊಂಡು ಸ್ವಲ್ಪ ಹೊತ್ತು ದೂಡುವ ತಾಕತ್ತು ಇವಕ್ಕೆ ಕಡಿಮೆ.

ಆಕ್ಸಿಜನ್ ನಿಂತರೆ ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ, ಖಾಲಿ. ಎಟಿಪಿ ಇಲ್ಲದಿದ್ದರೆ ಸೋಡಿಯಂ ಹೊರಗೆ ಹಾಕುವ ಪಂಪ್ ನಿಲ್ಲುತ್ತದೆ. ಸೋಡಿಯಂ ಒಳಗೆ ತುಂಬುತ್ತದೆ, ಅದರ ಹಿಂದೆ ನೀರು ಬರುತ್ತದೆ, ಜೀವಕೋಶ ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಏರುತ್ತದೆ. ಜೊತೆಗೆ ಸಕ್ಸಿನೇಟ್ ಅನ್ನುವ ಒಂದು ಪದಾರ್ಥ ಗುಡ್ಡೆ ಬೀಳುತ್ತದೆ. ಸುಮ್ನೆ ಬಿದ್ದಿದ್ದರೆ ಅದರಿಂದ ತೊಂದರೆ ಇಲ್ಲ. ಹೊಸ ದೇಹದಲ್ಲಿ ಸರ್ಜನ್ ರಕ್ತನಾಳ ಹಿಡಿದ ಕ್ಲ್ಯಾಂಪ್ ಬಿಚ್ಚಿ ರಕ್ತ ಬಿಟ್ಟಾಗ ತೊಂದರೆ. ಬೂದು ಬಣ್ಣದ ಕಿಡ್ನಿ ಒಂದೆರಡು ಕ್ಷಣದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಬಿಗಿಯಾಗುತ್ತದೆ. ನೋಡುವುದಕ್ಕೆ ಖುಷಿ. ಆದರೆ ಅದೇ ಕ್ಷಣಗಳಲ್ಲಿ ಮೈಟೊಕಾಂಡ್ರಿಯಾ ಒಳಗೆ ಗುಡ್ಡೆ ಬಿದ್ದ ಸಕ್ಸಿನೇಟ್ ಎಲ್ಲ ಒಟ್ಟಿಗೆ ಉರಿದು, ಎಲೆಕ್ಟ್ರಾನ್‌ಗಳು ಹಿಮ್ಮುಖವಾಗಿ ಹರಿದು, ಆಕ್ಸಿಜನ್‌ನಿಂದಲೇ ವಿಷಕಾರಿ ಕಣಗಳು ಹುಟ್ಟುತ್ತವೆ. ಅವು ಪೊರೆಗಳನ್ನು, ಡಿಎನ್‌ಎಯನ್ನು ಸುಡುತ್ತವೆ. ರಕ್ತ ಇಲ್ಲದ್ದರಿಂದ ಒಂದು ಪೆಟ್ಟು, ರಕ್ತ ವಾಪಸ್ ಬಂದದ್ದರಿಂದ ಇನ್ನೊಂದು ಪೆಟ್ಟು.

ಮಂಡ್ಯದವರಿಗೆ ಮುಂದಿನದು ಹೇಳುವುದು ಸುಲಭ. ವಿಶ್ವೇಶ್ವರಯ್ಯ ನಾಲೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಆಮೇಲೆ ಬಿಟ್ಟರೆ, ಮೊದಲ ನೀರಿನ ಜೊತೆ ಕಸಕಡ್ಡಿ ಎಲ್ಲ ತೇಲಿ ಬಂದು ತೂಬಿಗೆ ಸಿಕ್ಕಿಕೊಳ್ಳುತ್ತದೆ ಅಲ್ವಾ? ಹಾಗೇ ಇಲ್ಲೂ. ಸತ್ತ ಜೀವಕೋಶಗಳು, ಹಿಡಿತ ತಪ್ಪಿದ ಜೀವಂತ ಜೀವಕೋಶಗಳು, ಎಲ್ಲ ಕಳಚಿ ಬಿದ್ದು ನಳಿಕೆಯನ್ನು ಕಟ್ಟಿಹಾಕುತ್ತವೆ. ಮೇಲೆ ಸೋಸುವ ಗಂಟು ಚೆನ್ನಾಗಿದ್ದರೂ ಕೆಳಗೆ ದಾರಿ ಇಲ್ಲ. ನಿಮ್ಮ ತಮ್ಮನ ಹನ್ನೊಂದು ದಿನ ಇದೇ.

ಆ ದಿನಗಳಲ್ಲಿ ಬಯಾಪ್ಸಿ ಮಾಡಿದ್ದರೆ, ಬಹುಶಃ ಮಾಡಿಯೂ ಇರುತ್ತಾರೆ, ಸೂಜಿಯಲ್ಲಿ ಬರುವುದು ದಪ್ಪ ದಾರದಷ್ಟು ಸಣ್ಣ ತುಂಡು. ಅದಕ್ಕೆ ಪಿಎಎಸ್ ಅನ್ನುವ ಬಣ್ಣ ಹಾಕಿ ನೋಡುತ್ತೇವೆ. ಆರೋಗ್ಯವಾಗಿರುವ ನಳಿಕೆಯ ಒಳಅಂಚಿನಲ್ಲಿ ಗಾಢ ಗುಲಾಬಿಯ ದಪ್ಪ ಗೆರೆ ಕಾಣುತ್ತದೆ. ಅದು ಬ್ರಷ್ ಬಾರ್ಡರ್. ನೀರು, ಉಪ್ಪು, ಸಕ್ಕರೆ ಎಳೆದುಕೊಳ್ಳುವ ಸಾವಿರಾರು ಸೂಕ್ಷ್ಮ ಎಳೆಗಳ ಸಾಲು. ಪೆಟ್ಟು ತಿಂದ ನಳಿಕೆಯಲ್ಲಿ ಆ ಗೆರೆ ಇಲ್ಲ. ಎತ್ತರಕ್ಕಿದ್ದ ಜೀವಕೋಶಗಳು ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ, ಕೆಲವು ಕಡೆ ಬರೀ ತಳದ ಪೊರೆ. ಮಧ್ಯೆ ಅಲ್ಲೊಂದು ಇಲ್ಲೊಂದು ಜೀವಕೋಶ ಎರಡಾಗಿ ಒಡೆಯುತ್ತಿರುವುದು ಕಾಣುತ್ತದೆ. ನನಗೆ ಆ ಸ್ಲೈಡಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಅದೇ. ಮನೆಯವರು ಹೊರಗೆ ಅಳುತ್ತಿರುವ ಹೊತ್ತಿಗೆ ಒಳಗೆ ಕೆಲಸ ಶುರುವಾಗಿರುತ್ತದೆ.

ಈ ಒಡೆಯುತ್ತಿರುವ ಜೀವಕೋಶ ಎಲ್ಲಿಂದ ಬಂತು? ಇದೇ ನಿಮ್ಮ ಎರಡನೇ ಪ್ರಶ್ನೆ. ಬಹಳ ವರ್ಷ ಇದರ ಬಗ್ಗೆ ಜಗಳವೇ ನಡೆಯಿತು. ಮೂಳೆಯ ಮಜ್ಜೆಯಿಂದ ಕಾಂಡಕೋಶಗಳು (ಬೇರೆ ಬೇರೆ ಬಗೆಯ ಜೀವಕೋಶಗಳಾಗಬಲ್ಲ ಮೂಲಕೋಶಗಳು) ಬಂದು ಕಿಡ್ನಿ ಕಟ್ಟುತ್ತವೆ ಅಂತ ಕೆಲವರು ವಾದಿಸಿದರು. 2008ರಲ್ಲಿ ಹಾರ್ವರ್ಡ್‌ನಲ್ಲಿ ಬೆಂಜಮಿನ್ ಹಂಫ್ರೀಸ್ ಮತ್ತು ಜೋಸೆಫ್ ಬಾನ್‌ವೆಂಟ್ರೆ ತಂಡ ಇಲಿಗಳ ನಳಿಕೆಯ ಜೀವಕೋಶಗಳಿಗೆ ಮೊದಲೇ ಬಣ್ಣದ ಗುರುತು ಹಾಕಿತು, ಆಮೇಲೆ ಕಿಡ್ನಿಗೆ ರಕ್ತ ನಿಲ್ಲಿಸಿ ಮತ್ತೆ ಬಿಟ್ಟಿತು. ಹೊರಗಿನ ಜೀವಕೋಶಗಳು ಬಂದು ಸೇರಿದ್ದರೆ ವಾಸಿಯಾದ ಮೇಲೆ ಗುರುತಿಲ್ಲದ ಜೀವಕೋಶ ಜಾಸ್ತಿ ಕಾಣಬೇಕಿತ್ತು. ಕಾಣಲಿಲ್ಲ. ಬದುಕುಳಿದ ನಳಿಕೆಯ ಜೀವಕೋಶಗಳೇ ಹೆಚ್ಚಿ ಖಾಲಿ ಜಾಗ ತುಂಬಿದ್ದವು.

ಮನುಷ್ಯರಲ್ಲಿ ಹೀಗೆ ಗುರುತು ಹಾಕಲು ಆಗುವುದಿಲ್ಲ. ಆದರೆ ಕಸಿಯಲ್ಲಿ ಪ್ರಕೃತಿಯೇ ಗುರುತು ಹಾಕಿ ಕೊಡುತ್ತದೆ. ಹೆಂಗಸಿನ ಕಿಡ್ನಿಯನ್ನು ಗಂಡಸಿಗೆ ಹಾಕಿದಾಗ, ಆ ಕಿಡ್ನಿಯಲ್ಲಿ ವೈ ಕ್ರೋಮೊಸೋಮ್ ಇರುವ ಜೀವಕೋಶ ಕಂಡರೆ ಅದು ಪಡೆದವನದ್ದು. ಹುಡುಕಿ ನೋಡಿದಾಗ ನಳಿಕೆಗಳಲ್ಲಿ ಅಂಥವು ತೀರಾ ಸ್ವಲ್ಪ. ರಕ್ತನಾಳಗಳ ಒಳಪದರದಲ್ಲಿ ಪಡೆದವರ ಜೀವಕೋಶಗಳು ಇನ್ನೂ ಜಾಸ್ತಿ ಸೇರಿಕೊಳ್ಳುತ್ತವೆ, ಮುಖ್ಯವಾಗಿ ರಿಜೆಕ್ಷನ್ ಆದ, ಅಂದರೆ ದೇಹ ಪರಕೀಯ ಅಂತ ದಾಳಿ ಮಾಡಿದ ಕಿಡ್ನಿಗಳಲ್ಲಿ. ಹಾಗಾಗಿ ಉತ್ತರ ಹೀಗೆ: ನಿಮ್ಮ ತಮ್ಮನ ಕಿಡ್ನಿಯನ್ನು ರಿಪೇರಿ ಮಾಡಿದ್ದು ಬಹುಮಟ್ಟಿಗೆ ಆ ದಾನಿಯ ಜೀವಕೋಶಗಳೇ. ಆ ಕಿಡ್ನಿ ಇರುವಷ್ಟು ಕಾಲವೂ ಅದರ ಡಿಎನ್‌ಎ ಅವರದ್ದೇ. ರಕ್ತದಲ್ಲಿ ದಾನಿಯ ಡಿಎನ್‌ಎ ಚೂರುಗಳು ಎಷ್ಟಿವೆ ಅಂತ ಅಳೆದು ಕಿಡ್ನಿಗೆ ಪೆಟ್ಟಾಗಿದೆಯಾ ಅಂತ ತಿಳಿಯುವ ಪರೀಕ್ಷೆ ಕೂಡ ಈಗ ಇದೆ.

ಆ ಜೀವಕೋಶ ಮಾಡುವ ಕೆಲಸ ಮಾತ್ರ ವಿಚಿತ್ರ. ಅದು ಮೊದಲು ತನ್ನ ಕಸುಬು ಬಿಡುತ್ತದೆ. ಬ್ರಷ್ ಬಾರ್ಡರ್ ಕಳಚುತ್ತದೆ, ಉಪ್ಪು ಎಳೆಯುವ ಪ್ರೋಟೀನ್‌ಗಳ ಜೀನ್‌ಗಳನ್ನು ಮುಚ್ಚುತ್ತದೆ, ಭ್ರೂಣದಲ್ಲಿ ಕಿಡ್ನಿ ಕಟ್ಟುವಾಗ ಓಡುತ್ತಿದ್ದ ಸಾಕ್ಸ್-9, ಪ್ಯಾಕ್ಸ್-2 ಥರದ ಜೀನ್‌ಗಳನ್ನು ಮತ್ತೆ ತೆರೆಯುತ್ತದೆ. ಚಪ್ಪಟೆಯಾಗಿ ಪಕ್ಕದ ಖಾಲಿ ಜಾಗಕ್ಕೆ ಜರುಗುತ್ತದೆ. ಒಡೆದು ಎರಡಾಗುತ್ತದೆ. ಇದರ ಮಧ್ಯೆ ಕಸ ತೆಗೆಯುವ ಕೆಲಸವನ್ನೂ ಮಾಡುತ್ತದೆ. ಕಿಮ್-1 ಅನ್ನುವ ಪ್ರೋಟೀನ್ ಆರೋಗ್ಯವಾಗಿರುವ ಕಿಡ್ನಿಯಲ್ಲಿ ಹುಡುಕಿದರೂ ಸಿಗುವುದಿಲ್ಲ ಅನ್ನುವಷ್ಟು ಕಡಿಮೆ. ಪೆಟ್ಟಾದ ಮೇಲೆ ಅದು ವಿಪರೀತ ಏರುತ್ತದೆ. ಅದನ್ನು ಮೈಮೇಲೆ ತೊಟ್ಟ ನಳಿಕೆಯ ಜೀವಕೋಶ ಪಕ್ಕದಲ್ಲಿ ಸತ್ತು ಬಿದ್ದ ಜೀವಕೋಶವನ್ನು ನುಂಗಿ ಜೀರ್ಣಿಸಿಕೊಳ್ಳುತ್ತದೆ. ನಳಿಕೆಯ ದಾರಿ ಮತ್ತೆ ತೆರೆಯುವುದಕ್ಕೆ ಇದೂ ಒಂದು ಕಾರಣ.

ತಮ್ಮನ ರಕ್ತದಿಂದ ಬರುವ, ಕಸ ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳೂ ಕೈ ಜೋಡಿಸುತ್ತವೆ. ಮೊದಲು ಬಂದಾಗ ಅವು ಜಗಳಗಂಟಿಗಳು, ಉರಿಯೂತ ಹೆಚ್ಚಿಸುತ್ತವೆ. ಕೆಲವು ದಿನದಲ್ಲಿ ಸ್ವಭಾವ ಬದಲಿಸಿ, ಬೆಳವಣಿಗೆಗೆ ಸಹಾಯ ಮಾಡುವ ಸಂಕೇತಗಳನ್ನು ಕಳಿಸುತ್ತವೆ. ಇಲ್ಲೊಂದು ಅಪಾಯ ಇದೆ. ಸಾಯುವ ಜೀವಕೋಶಗಳಿಂದ ಸೋರುವ ಪದಾರ್ಥಗಳು ರೋಗನಿರೋಧಕ ವ್ಯವಸ್ಥೆಗೆ "ಇಲ್ಲಿ ಏನೋ ಆಗಿದೆ" ಅಂತ ಸುದ್ದಿ ಮುಟ್ಟಿಸುತ್ತವೆ. ಹಾಗಾಗಿ ಮಲಗಿದ ಕಿಡ್ನಿಗೆ ರಿಜೆಕ್ಷನ್ ಸಾಧ್ಯತೆಯೂ ಸ್ವಲ್ಪ ಜಾಸ್ತಿ. ಮೂತ್ರ ಬಾರದಿದ್ದಾಗ "ಎದ್ದೇಳುತ್ತೆ" ಅಂತ ಕಾಯುತ್ತಲೇ ಡಾಕ್ಟರು ಬಯಾಪ್ಸಿಗೂ ಕೈ ಹಾಕುವುದು ಇದಕ್ಕೇ.

ಆರು ಲೀಟರ್ ವಿಷಯಕ್ಕೆ ಬರುತ್ತೇನೆ. ಮನೆಯವರೆಲ್ಲ ಅಳತೆ ಜಾರ್ ನೋಡಿ ಕುಣಿದಾಡುತ್ತಾರೆ, ಕುಣಿಯಲಿ. ಆದರೆ ಆ ನೀರು ರಿಪೇರಿ ಮುಗಿದದ್ದಕ್ಕೆ ಗುರುತಲ್ಲ, ಅರ್ಧಕ್ಕೆ ಬಂದಿದೆ ಅನ್ನುವುದಕ್ಕೆ ಗುರುತು. ದಾರಿ ತೆರೆದಿದೆ, ಗಂಟು ಸೋಸುತ್ತಿದೆ, ಆದರೆ ಹೊಸದಾಗಿ ಹುಟ್ಟಿದ ಜೀವಕೋಶಗಳಿಗೆ ವಾಪಸ್ ಎಳೆದುಕೊಳ್ಳುವ ಕಸುಬು ಇನ್ನೂ ಬಂದಿಲ್ಲ. ಡಯಾಲಿಸಿಸ್ ದಿನಗಳಲ್ಲಿ ಮೈಯಲ್ಲಿ ಸೇರಿದ್ದ ನೀರು, ಯೂರಿಯಾ ಕೂಡ ಅದರ ಜೊತೆ ಹೋಗುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಸಹ ಸೋರಿಹೋಗಬಹುದು. ಆ ವಾರ ದಿನಕ್ಕೆರಡು ಸಲ ರಕ್ತ ತೆಗೆದು ಡ್ರಿಪ್ ಲೆಕ್ಕ ಹಾಕಿದ್ದರೆ ಕಾರಣ ಇದು. ಕಸುಬು ಮರಳಿದಂತೆ ಮೂತ್ರ ಎರಡೂವರೆ ಲೀಟರ್ ಆಸುಪಾಸಿಗೆ ಇಳಿಯುತ್ತದೆ. ಆಗ "ಅಯ್ಯೋ ಕಮ್ಮಿ ಆಯ್ತು" ಅಂತ ಗಾಬರಿಯಾಗಿ ಫೋನ್ ಮಾಡುವವರೇ ಜಾಸ್ತಿ!

ಇನ್ನು ಮೊದಲೇ ಹೇಳಿದ ಮಾತು, ನಿಲ್ಲಿಸುವುದು. ಜೀವಕೋಶ ಒಡೆದು ಜಾಗ ತುಂಬಿದ ಮೇಲೆ ಸಾಕ್ಸ್-9 ಮುಚ್ಚಬೇಕು, ಹಳೆಯ ಜೀನ್‌ಗಳು ತೆರೆಯಬೇಕು, ಬ್ರಷ್ ಬಾರ್ಡರ್ ಮತ್ತೆ ಬೆಳೆಯಬೇಕು. ಹೆಚ್ಚಿನವು ಹಾಗೇ ಮಾಡುತ್ತವೆ. ಕೆಲವು ಮಾಡುವುದಿಲ್ಲ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ತಂಡ ಇದನ್ನು ಬಿಡಿಸಿ ತೋರಿಸಿತು. ಇಲಿಯ ಕಿಡ್ನಿಯಲ್ಲಿ ಒಂದೇ ಪೆಟ್ಟು ತಿಂದ ಜೀವಕೋಶಗಳಲ್ಲಿ, ಸಾಕ್ಸ್-9 ಅನ್ನು ತೆರೆದು ಆಮೇಲೆ ಮುಚ್ಚಿದವು ಪೂರ್ತಿ ವಾಸಿಯಾದವು. ತೆರೆದೇ ಇಟ್ಟುಕೊಂಡವು ವಾಸಿಯಾಗಲಿಲ್ಲ, ಅಷ್ಟೇ ಅಲ್ಲ, ಸುತ್ತಲೂ ಕಲೆಗಟ್ಟಿಸಿದವು. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಇತ್ತೀಚೆಗೆ ಬಂದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಅದಕ್ಕೂ ಮೊದಲು, 2010ರಲ್ಲಿ, ಬಾನ್‌ವೆಂಟ್ರೆ ತಂಡ ಇನ್ನೊಂದು ಬಗೆಯ ಸಿಕ್ಕಿಬೀಳುವಿಕೆ ಕಂಡಿತ್ತು. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಪೆಟ್ಟು ಜೋರಾಗಿದ್ದರೆ, ನಕಲು ಮುಗಿಸಿ ಒಡೆಯುವುದಕ್ಕೆ ಮುಂಚೆಯೇ ಕೆಲವು ನಿಂತುಬಿಡುತ್ತವೆ. ಮುಂದಕ್ಕೂ ಹೋಗುವುದಿಲ್ಲ, ಸಾಯುವುದೂ ಇಲ್ಲ. ಅಲ್ಲೇ ಕೂತು ಟಿಜಿಎಫ್-ಬೀಟಾ ಥರದ ಸಂಕೇತಗಳನ್ನು ಸುರಿಸುತ್ತಲೇ ಇರುತ್ತವೆ. ಆ ಸಂಕೇತ ಕೇಳಿ ನಳಿಕೆಗಳ ನಡುವಿನ ಜೀವಕೋಶಗಳು ಕೊಲಾಜೆನ್ ತುಂಬುತ್ತವೆ. ಕೊಲಾಜೆನ್ ತುಂಬಿದಷ್ಟೂ ಸಣ್ಣ ರಕ್ತನಾಳಗಳು ಕ್ಷೀಣಿಸುತ್ತವೆ, ಆಕ್ಸಿಜನ್ ಇನ್ನೂ ಕಡಿಮೆಯಾಗುತ್ತದೆ, ಪಕ್ಕದ ನಳಿಕೆಗೂ ಪೆಟ್ಟು. ಬಯಾಪ್ಸಿ ರಿಪೋರ್ಟಿನಲ್ಲಿ ಐಎಫ್‌ಟಿಎ ಅಂತ ಬರೆದು ಎಷ್ಟು ಪರ್ಸೆಂಟ್ ಅಂತ ಕೊಡುವುದು ಈ ಕಲೆಯ ಲೆಕ್ಕವನ್ನೇ.

ಮನುಷ್ಯರ ಕಸಿ ಕಿಡ್ನಿಯಲ್ಲೇ ಇದನ್ನು ಹಿಂಬಾಲಿಸಿದ ಅಧ್ಯಯನವೂ ಇದೆ. 2018ರಲ್ಲಿ ಪ್ರಕಟವಾದದ್ದು. 42 ಕಸಿ ಕಿಡ್ನಿಗಳಿಂದ ಬೇರೆ ಬೇರೆ ನಾಲ್ಕು ಹಂತದಲ್ಲಿ ತೆಗೆದ 163 ಬಯಾಪ್ಸಿಗಳಲ್ಲಿ ಯಾವ ಜೀನ್ ಓಡುತ್ತಿದೆ, ಯಾವುದು ನಿಂತಿದೆ ಅಂತ ಓದಿದರು. ರಕ್ತ ಬಿಟ್ಟ ಹೊಸತರಲ್ಲಿ ಕಿಡ್ನಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಪ್ರತಿಕ್ರಿಯಿಸಿದ್ದವು. ಆಮೇಲೆ ದಾರಿ ಕವಲೊಡೆಯಿತು, ಕೆಲವು ವಾಸಿಯಾಗುವ ಕಡೆಗೆ, ಕೆಲವು ಕಲೆಗಟ್ಟುವ ಕಡೆಗೆ. ಇದನ್ನು ನಾನು ಮನೆಯವರಿಗೆ ಹೇಳುವುದು ಧೈರ್ಯಕ್ಕಾಗಿ ಮತ್ತು ಎಚ್ಚರಿಕೆಗಾಗಿ, ಎರಡಕ್ಕೂ. ಮೊದಲ ವಾರ ಕೆಟ್ಟದಾಗಿತ್ತು ಅಂದಮಾತ್ರಕ್ಕೆ ಹಣೆಬರಹ ಬರೆದಾಗಿಲ್ಲ. ಈಗ 1.5 ಇದೆ ಅಂದಮಾತ್ರಕ್ಕೆ ಎಲ್ಲ ಮುಗಿದೂ ಇಲ್ಲ. ಕ್ರಿಯಾಟಿನಿನ್ ಹೇಳುವುದು ಸೋಸುವ ಕೆಲಸದ ಸುದ್ದಿ ಮಾತ್ರ. ಕೆಲವು ನೆಫ್ರಾನ್ ಹೋದರೂ ಉಳಿದವು ದಪ್ಪಗಾಗಿ ಹೆಚ್ಚು ದುಡಿದು ಆ ಅಂಕಿಯನ್ನು ಕಾಪಾಡುತ್ತವೆ. ಹೋದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಮನುಷ್ಯನಲ್ಲಿ ಹೊಸ ನೆಫ್ರಾನ್ ಆಗುವುದು ತಾಯಿಯ ಹೊಟ್ಟೆಯಲ್ಲಿರುವಾಗ ಮಾತ್ರ. ಸೋಸುವ ಗಂಟಿನ ಮುಖ್ಯ ಜೀವಕೋಶಗಳಿಗೂ ಒಡೆದು ಹೆಚ್ಚುವ ಶಕ್ತಿ ಇಲ್ಲದಂತೆಯೇ. ಇಷ್ಟು ಹೊತ್ತು ಹೇಳಿದ ರಿಪೇರಿ ಎಲ್ಲ ನಳಿಕೆಯದ್ದು.

ಮಾತ್ರೆಗಳ ಪಾತ್ರ ಇಲ್ಲಿ ಸ್ವಲ್ಪ ಇಕ್ಕಟ್ಟಿನದ್ದು. ರೋಗನಿರೋಧಕ ಶಕ್ತಿ ತಗ್ಗಿಸುವ ಮುಖ್ಯ ಮಾತ್ರೆ ಟ್ಯಾಕ್ರೊಲಿಮಸ್ ಇಲ್ಲದೆ ಕಿಡ್ನಿ ಉಳಿಯುವುದು ಕಷ್ಟ. ಆದರೆ ಅದರ ಮಟ್ಟ ಜಾಸ್ತಿಯಾದರೆ ಕಿಡ್ನಿಗೆ ರಕ್ತ ತರುವ ಸಣ್ಣ ನಾಳಗಳನ್ನೇ ಬಿಗಿಯುತ್ತದೆ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಸಿರೊಲಿಮಸ್ ಅನ್ನುವ ಇನ್ನೊಂದು ಔಷಧಿ ಜೀವಕೋಶ ಬೆಳೆದು ಒಡೆಯುವುದಕ್ಕೆ ಬೇಕಾದ ಎಂಟಾರ್ ಅನ್ನುವ ಪ್ರೋಟೀನನ್ನೇ ತಡೆಯುತ್ತದೆ. ಮಲಗಿದ ಕಿಡ್ನಿಗೆ ಅದನ್ನು ಕೊಟ್ಟರೆ ಏಳುವುದು ಇನ್ನೂ ತಡ. ಅದಕ್ಕೇ ಶುರುವಿನಲ್ಲಿ ಅದರಿಂದ ದೂರ ಇರುತ್ತೇವೆ. ಪಕ್ಕದ ಬೆಡ್ಡಿನವರಿಗೆ ಆ ಮಾತ್ರೆ ಇದೆ, ನಮಗ್ಯಾಕಿಲ್ಲ ಅಂತ ಕೇಳಬೇಡಿ.

ರಿಪೇರಿಯನ್ನು ಓಡಿಸುವ ಔಷಧಿ ಇವತ್ತಿಗೆ ಇಲ್ಲ. ಸಾಕ್ಸ್-9 ಮುಚ್ಚಿಸುವ ಮಾತ್ರೆಯೂ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಎರಡನೇ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು. ಮೈಕೈ ನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ತೆಗೆದುಕೊಳ್ಳಬಾರದು, ಅವು ಕಿಡ್ನಿಗೆ ಹೋಗುವ ರಕ್ತವನ್ನೇ ಇಳಿಸುತ್ತವೆ. ವಾಂತಿ ಭೇದಿ ಆದರೆ ನಾಳೆ ನೋಡೋಣ ಅನ್ನದೆ ಅವತ್ತೇ ಫೋನ್ ಮಾಡಿ. ಏಪ್ರಿಲ್ ಬಿಸಿಲಲ್ಲಿ ಕಬ್ಬಿನ ಗದ್ದೆಗೆ ಇಳಿಯುವುದು ಈ ವರ್ಷ ಬೇಡ. ಚಕ್ಕೋತ ಹಣ್ಣು ಮನೆಗೆ ಬಂದರೆ ತಮ್ಮನನ್ನು ಬಿಟ್ಟು ಉಳಿದವರು ತಿನ್ನಿ. ಟ್ಯಾಕ್ರೊಲಿಮಸ್ ಅನ್ನು ಒಡೆಯುವ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ಧಾರೆಹುಳಿ ಹಣ್ಣೂ ಬೇಡ, ಅದರ ಆಕ್ಸಲೇಟ್ ನೇರವಾಗಿ ನಳಿಕೆಗೆ ಪೆಟ್ಟು ಕೊಡುತ್ತದೆ.

ಮುಂದಿನ ಸಲ ಮೈಸೂರಿಗೆ ಬರುವಾಗ ಬೆಳಗಿನ ಟ್ಯಾಕ್ರೊಲಿಮಸ್ ಮನೆಯಲ್ಲೇ ನುಂಗಿಸಿ ಬಸ್ ಹತ್ತಿಸಬೇಡಿ. ಮಾತ್ರೆಯನ್ನು ಜೇಬಿನಲ್ಲಿ ತರಲಿ. ರಕ್ತ ಕೊಟ್ಟ ಮೇಲೆ ನುಂಗಲಿ. ಹಿಂದಿನ ರಾತ್ರಿಯ ಮಾತ್ರೆ ಆಗಿ ಹನ್ನೆರಡು ಗಂಟೆಗೆ ರಕ್ತದಲ್ಲಿ ಎಷ್ಟು ಉಳಿದಿದೆ ಅನ್ನುವುದೇ ನಮಗೆ ಬೇಕಾದ ಲೆಕ್ಕ. ನುಂಗಿ ಬಂದರೆ ಮಟ್ಟ ಸುಳ್ಳೇ ಜಾಸ್ತಿ ತೋರಿಸುತ್ತದೆ, ಡಾಕ್ಟರು ಡೋಸ್ ಇಳಿಸಿಬಿಡುತ್ತಾರೆ. ಬಂದಾಗ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ನಿಮ್ಮ ಆಸ್ಪತ್ರೆಯಲ್ಲಿ ಒಂದು ವರ್ಷಕ್ಕೆ ಬಯಾಪ್ಸಿ ಮಾಡುವ ಪದ್ಧತಿ ಇದ್ದರೆ "ಚೆನ್ನಾಗಿದ್ದಾನಲ್ಲ, ಯಾಕೆ ಚುಚ್ಚೋದು" ಅನ್ನದೆ ಒಪ್ಪಿಕೊಳ್ಳಿ.